ಈಗ ನೀವು ಪೂರ್ತಿ ಕೇಳುತ್ತಿರುವ ಆಲ್ಬಮ್ ಯಾವುದು? ಯಾಕೆ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ತೀರ್ಥಹಳ್ಳಿಯ ಮನೆಯ ಅಟ್ಟ ಖಾಲಿ ಮಾಡುವಾಗ ಅಪ್ಪನ ಕ್ಯಾಸೆಟ್ ಡಬ್ಬಿ ಸಿಕ್ಕಿತು. ಬಿಸ್ಕತ್ತಿನ ದೊಡ್ಡ ತಗಡಿನ ಡಬ್ಬಿ. ಎಲ್ಲಕ್ಕಿಂತ ಮೇಲೆ ಇದ್ದದ್ದು ‘ನಿತ್ಯೋತ್ಸವ’. ಹಳೆಯ ಟೂ-ಇನ್-ಒನ್ ಕೂಡ ಅಲ್ಲೇ ಇತ್ತು. ಹಾಕಿ ನೋಡಿದೆ, ಓಡಿತು!

ಅದರ ಹಾಡುಗಳನ್ನು ಮೊಬೈಲ್‌ನಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಒಂದು ಬೆಳಿಗ್ಗೆ, ಒಂದು ಬಸ್ಸಿನಲ್ಲಿ, ಹಾಗೆ ಚೂರು ಚೂರಾಗಿ. ಒಂದು ಸೈಡ್ ಪೂರ್ತಿ, ಎದ್ದು ಹೋಗದೆ ಕೇಳಿದ್ದು ಮಾತ್ರ ಇದೇ ಮೊದಲು. ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವ ಮೊದಲು ನಾಲ್ಕೈದು ಸೆಕೆಂಡು ಬರೀ ‘ಸ್’ ಅನ್ನುವ ಸದ್ದು. ಆ ಹೊತ್ತಿನಲ್ಲಿ ಮುಗಿದ ಹಾಡು ಇನ್ನೂ ಕಿವಿಯಲ್ಲೇ ಇರುತ್ತದೆ. ಮೊಬೈಲ್‌ನಲ್ಲಿ ಈ ಜಾಗವೇ ಇಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಈಗ ನೀವು ಒಂದೂ ಹಾಡು ಬಿಡದೆ, ಮೊದಲಿನಿಂದ ಕೊನೆಯವರೆಗೆ ಕೇಳುತ್ತಿರುವ ಆಲ್ಬಮ್ ಯಾವುದು? ಯಾಕೆ ಅಂತಲೂ ಹೇಳಿ. ಸುಮ್ನೆ ಹೆಸರು ಕೊಟ್ಟು ಹೋಗಬೇಡಿ.

ಇನ್ನೊಂದು ವಿಷಯ. ಸೈಡ್ ಬಿ ಹಾಕಿದರೆ ದನಿ ಎಳೆದೆಳೆದು ನಿಧಾನವಾಗಿ, ಎರಡನೇ ಹಾಡಿನ ಹೊತ್ತಿಗೆ ನಿಂತೇ ಹೋಗುತ್ತದೆ. ಇದಕ್ಕೆ ಏನು ಮಾಡಬೇಕು?

ಸಾಧನಕೇರಿ
ನಂದು ಮಲ್ಲಿಕಾರ್ಜುನ ಮನ್ಸೂರರ ಸಂಪೂರ್ಣ ಮಾಲಕಂಸ. ಒಂದು ತಿಂಗಳಿಂದ ರಾತ್ರಿ ಊಟ ಆದ ಮೇಲೆ ಅದೊಂದೇ. ಮಾಲಕಂಸ ರಾಗ ಅಂದ್ರ ಐದೇ ಸ್ವರ, ರಿಷಭ ಪಂಚಮ ಎರಡೂ ಇಲ್ಲ. ಇವರು ಹಾಡೋದ್ರಾಗ ಅವೆರಡೂ ಬರ್ತಾವ. ಮೊದಲ ಸಲ ಕೇಳಿದಾಗ ಎಲ್ಲೋ ತಪ್ಪಿತೇನೋ ಅನ್ನಿಸ್ತು. ಮೂರನೇ ಸಲ ಕೇಳಿದಾಗ ಆ ಪಂಚಮ ಯಾವಾಗ ಬರ್ತದ ಅಂತ ಕಾಯೋ ಹಂಗಾತು.

ಉಸಿರು ಎಲ್ಲಿ ತಗೋತಾರ ಅನ್ನೋದೇ ತಿಳಿಯೋದಿಲ್ಲ ನೋಡ್ರಿ. ಒಂದು ತಾನ, ಅಂದ್ರ ಸ್ವರಗಳ ಓಟ, ಮುಗೀತು ಅಂತ ನಾವು ಅಂದುಕೊಳ್ಳೋ ಜಾಗದಾಗ ಇನ್ನೊಂದು ಹುಟ್ಟಿರ್ತದ. ಇಂಥದ್ದನ್ನ ಅರ್ಧಕ್ಕ ನಿಲ್ಲಿಸೋದು ಹೆಂಗ?

ಎಂಟನೇ ಸೆಮಿಸ್ಟರ್
ರಘು ದೀಕ್ಷಿತ್ ಅವರ ಮೊದಲ ಆಲ್ಬಮ್, 2008ರದ್ದು. ನಾನು ಆಗ ಅಂಗನವಾಡಿಯಲ್ಲಿದ್ದೆ, ಈಗ ಕೇಳುತ್ತಿದ್ದೇನೆ. ಹಿಂದಿ, ಇಂಗ್ಲಿಷ್, ಕನ್ನಡ ಮೂರೂ ಒಂದೇ ಆಲ್ಬಮ್‌ನಲ್ಲಿವೆ. ಅದರ ನಡುವೆ ಶರೀಫಜ್ಜನ ‘ಸೋರುತಿಹುದು ಮನೆಯ ಮಾಳಿಗಿ’ ಬಂದಾಗ ಹಾಸ್ಟೆಲ್ ರೂಮಿನಲ್ಲಿ ಎಲ್ಲರೂ ಸುಮ್ಮನಾಗುತ್ತಾರೆ. ಕನ್ನಡ ಬಾರದ ಗೆಳೆಯರೂ ಸಾಲು ಕಲಿತಿದ್ದಾರೆ.

ಓದುಗ ಹಾಸನ
@ಎಂಟನೇ ಸೆಮಿಸ್ಟರ್, ಅದೇ ಶರೀಫರ ಪದಗಳನ್ನು ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ಅವರ ದನಿಯಲ್ಲಿ ಕೇಳಿ, ಆಮೇಲೆ ಮಾತಾಡೋಣ. ಗಿಟಾರ್ ಹಾಕಿದ ತಕ್ಷಣ ಹೊಸದಾಗುವುದಿಲ್ಲ.

ಎಂಟನೇ ಸೆಮಿಸ್ಟರ್
ಕೇಳಿದ್ದೇನೆ ಸರ್. ಆ ದಾರಿ ಸಿಕ್ಕಿದ್ದೇ ಗಿಟಾರ್‌ನಿಂದ. ಮೊದಲು ಇದು ಕೇಳಿದೆ, ಬರೆದವರು ಯಾರು ಅಂತ ಹುಡುಕಿದೆ, 1819ರಲ್ಲಿ ಹುಟ್ಟಿದವರು ಅಂತ ಗೊತ್ತಾಗಿ ಬೆರಗಾಯಿತು. ಆಮೇಲೆ ಅಶ್ವತ್ಥ್ ಅವರ ಹತ್ತಿರ ಹೋದೆ. ನಮ್ಮ ವಯಸ್ಸಿನವರು ಹೀಗೇ ಹಿಂದಕ್ಕೆ ಹೋಗುವುದು. ಬಾಗಿಲು ಯಾವುದಾದರೇನು, ಒಳಗೆ ಬಂದೆವಲ್ಲ.

ಸಾಧನಕೇರಿ
ಹುಡುಗ ಸರಿ ಹೇಳ್ಯಾನ.

ಟೇಪ್ ರಿಪೇರಿ
@ತುಂಗಾತೀರ, ಸೈಡ್ ಎ ಸರಿಯಾಗಿ ಓಡಿ ಬಿ ಮಾತ್ರ ಎಳೆದರೆ ತೊಂದರೆ ಸೆಟ್ಟಿನದಲ್ಲ, ಕ್ಯಾಸೆಟ್ಟಿನದೇ ಇರಬೇಕು. ಖಚಿತ ಮಾಡಿಕೊಳ್ಳಲು ಬೇರೆ ಕ್ಯಾಸೆಟ್ ಒಂದರ ಎರಡೂ ಸೈಡ್ ಹಾಕಿ ನೋಡಿ. ಅದೂ ಎಳೆದರೆ ಬೆಲ್ಟ್ ಹೋಗಿದೆ. ಹಳೆಯ ಬೆಲ್ಟ್ ಕರಗಿ ಟಾರಿನ ಹಾಗೆ ಅಂಟಾಗಿರುತ್ತದೆ. ಸ್ಪಿರಿಟ್ ಹಚ್ಚಿ ಪೂರ್ತಿ ಒರೆಸಿ ತೆಗೆದು ಹೊಸದು ಹಾಕಬೇಕು.

ಬೇರೆ ಕ್ಯಾಸೆಟ್ ಸರಿಯಾಗಿ ಓಡಿದರೆ, ಇದರ ಕಿಟಕಿಯನ್ನು ಬೆಳಕಿಗೆ ಹಿಡಿದು ನೋಡಿ. ಸುರುಳಿ ಒಂದೇ ಮಟ್ಟವಾಗಿ ಇದೆಯೋ, ಮೆಟ್ಟಿಲು ಮೆಟ್ಟಿಲಾಗಿ ಎದ್ದಿದೆಯೋ? ಬಿಳಿ ಪುಡಿ ಕಾಣುತ್ತಿದೆಯಾ?

ತುಂಗಾತೀರ
ಬೇರೆಯದು ಚೆನ್ನಾಗಿ ಓಡುತ್ತಿದೆ. ಬಿಳಿ ಪುಡಿ ಇದೆ! ಅಂಚಿನಲ್ಲಿ ಸಣ್ಣಗೆ, ಹಿಟ್ಟು ಉದುರಿಸಿದ ಹಾಗೆ.

ಟೇಪ್ ರಿಪೇರಿ
ಬೂಷ್ಟು. ಮಲೆನಾಡಿನ ಕ್ಯಾಸೆಟ್ಟುಗಳಿಗೆಲ್ಲ ಇದೇ ಕಾಯಿಲೆ. ದಯವಿಟ್ಟು ಇನ್ನು ಅದನ್ನು ಓಡಿಸಬೇಡಿ, ಹೆಡ್‌ಗೂ ಬೂಷ್ಟು ಹತ್ತಿ ಬೇರೆ ಕ್ಯಾಸೆಟ್ಟಿಗೂ ಹೋಗುತ್ತದೆ. ರಾತ್ರಿ ವಿವರವಾಗಿ ಬರೆಯುತ್ತೇನೆ.

ಜಯನಗರ 4ನೇ ಬ್ಲಾಕ್
‘ನಿತ್ಯೋತ್ಸವ’ ಅಂದ ತಕ್ಷಣ ಒಳಗೆ ಬಂದೆ. 1978ರಲ್ಲಿ ಬಂದದ್ದು, ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ. ನಿಸಾರ್ ಅಹಮದರ ಕವಿತೆ, ಮೈಸೂರು ಅನಂತಸ್ವಾಮಿಯವರ ಸಂಗೀತ. ಅದಕ್ಕೆ ಮೊದಲು ಗಾಯಕ ಪಿ. ಕಾಳಿಂಗರಾಯರು ಭಾವಗೀತೆಯನ್ನು ಊರೂರಿಗೆ ಒಯ್ದಿದ್ದರು, ನಿಜ. ಆದರೆ ಒಬ್ಬ ಕವಿಯ ಕವಿತೆಗಳನ್ನೇ ಒಟ್ಟು ಹಾಕಿ ಮನೆಯಲ್ಲಿ ಬೇಕಾದಾಗ ಕೇಳುವ ಹಾಗೆ ಮಾಡಿದ್ದು ಈ ಕ್ಯಾಸೆಟ್. ನಮ್ಮ ಬೀದಿಯಲ್ಲಿ ಪುಸ್ತಕ ಓದದವರ ಮನೆಯಲ್ಲೂ ನಿಸಾರರ ಸಾಲು ಕೇಳುತ್ತಿತ್ತು.

ನನಗೆ ಅನಂತಸ್ವಾಮಿಯವರೇ ದೊಡ್ಡವರು. ಅವರ ಧಾಟಿ ಕವಿತೆಯ ಮೇಲೆ ಕೂರುವುದಿಲ್ಲ, ಪಕ್ಕದಲ್ಲಿ ನಡೆಯುತ್ತದೆ. ಅಶ್ವತ್ಥ್ ಅವರದ್ದು ಮೊದಲು ಅಶ್ವತ್ಥ್ ಕೇಳಿಸುತ್ತಾರೆ, ಕವಿ ಆಮೇಲೆ.

ಮೈಸೂರು ಪೇಟ
ಇದನ್ನು ನಾನು ಒಪ್ಪುವುದಿಲ್ಲ. ‘ಕಾಣದ ಕಡಲಿಗೆ’ ಕೇಳಿದವರು ಹೀಗೆ ಹೇಳಲಿಕ್ಕೆ ಸಾಧ್ಯವಾ? ಜಿ.ಎಸ್. ಶಿವರುದ್ರಪ್ಪನವರ ಆ ಕವಿತೆಯ ಹಂಬಲ ಎಷ್ಟು ದೊಡ್ಡದು ಅಂತ ನನಗೆ ತಿಳಿದದ್ದು ಅಶ್ವತ್ಥ್ ಅವರ ದನಿ ಮೇಲಕ್ಕೆ ಹೋದಾಗ. ಪುಟದಲ್ಲಿ ಓದಿದಾಗ ಅಲ್ಲ.

2005ರ ಏಪ್ರಿಲ್‌ನಲ್ಲಿ ಬೆಂಗಳೂರು ಅರಮನೆ ಮೈದಾನದಲ್ಲಿ ಅಶ್ವತ್ಥ್ ಅವರ ಗಾಯನ ಕಾರ್ಯಕ್ರಮ ‘ಕನ್ನಡವೇ ಸತ್ಯ’ಕ್ಕೆ ನಾನು ಹೋಗಿದ್ದೆ. ಎಲ್ಲಿ ನೋಡಿದರೂ ಜನ. ಸಿನಿಮಾ ತಾರೆಗಳನ್ನು ನೋಡಲು ಬಂದವರಲ್ಲ, ಕವಿತೆ ಕೇಳಲು ಬಂದವರು. ನನ್ನ ಪಕ್ಕದಲ್ಲಿದ್ದ ಆಟೋ ಡ್ರೈವರ್ ಒಬ್ಬರು ಪ್ರತಿ ಹಾಡಿನ ಎರಡನೇ ಚರಣವನ್ನೂ ಬಾಯಿಪಾಠ ಹೇಳುತ್ತಿದ್ದರು. ಅಷ್ಟು ಜನರ ಬಾಯಿಗೆ ಕವಿತೆ ಕೂರಿಸಿದವರನ್ನು ‘ಕವಿ ಆಮೇಲೆ’ ಅನ್ನುವುದು ಅನ್ಯಾಯ.

ಜಯನಗರ 4ನೇ ಬ್ಲಾಕ್
ಅನ್ಯಾಯ ಮಾಡುವ ಉದ್ದೇಶ ಇಲ್ಲ. ನಾಡಗೀತೆ ವಿಚಾರದಲ್ಲಿ ಏನಾಯಿತು ನೋಡಿ. ಕುವೆಂಪು ಅವರ ಒಂದೇ ಗೀತೆ, ಇವರಿಬ್ಬರ ಎರಡು ಧಾಟಿ, ವರ್ಷಗಟ್ಟಲೆ ವಾದ. ಕೊನೆಗೆ 2022ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಅನಂತಸ್ವಾಮಿಯವರ ಧಾಟಿ, 2 ನಿಮಿಷ 30 ಸೆಕೆಂಡ್ ಅಂತ ನಿಗದಿ ಮಾಡಿತು. ಎಲ್ಲರೂ ಸೇರಿ ಹಾಡುವುದಕ್ಕೆ ಆಗುವ ಧಾಟಿ ಅದು. ನಾನು ಹೇಳಿದ್ದು ಇಷ್ಟೇ.

ಮೈಸೂರು ಪೇಟ
ಶಾಲೆಯಲ್ಲಿ ಮಕ್ಕಳು ಸೇರಿ ಹಾಡಲು ಅದು ಸುಲಭ, ಒಪ್ಪಿದೆ. ಆದರೆ ನಾವು ಮಾತಾಡುತ್ತಿರುವುದು ಕೂತು ಕೇಳುವ ಆಲ್ಬಮ್ ಬಗ್ಗೆ ಅಲ್ವಾ? ಅಲ್ಲಿ ಸುಲಭ ಯಾಕೆ ಬೇಕು?

ಓದುಗ ಹಾಸನ
ನನ್ನ ತಕರಾರು ಇಬ್ಬರ ಮೇಲೂ ಇದೆ. ಕವಿತೆಗೆ ಧಾಟಿ ಹಾಕಿದ ಮೇಲೆ ಆ ಕವಿತೆಯನ್ನು ಓದಲಿಕ್ಕೇ ಆಗುವುದಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ 1942ರ ಪುಸ್ತಕ. ನಮ್ಮಜ್ಜಿ ಅದನ್ನು ತನ್ನದೇ ರಾಗದಲ್ಲಿ, ಅಕ್ಕಿ ಆರಿಸುತ್ತಾ ಹೇಳುತ್ತಿದ್ದಳು. ನನಗೆ ಆ ಪುಸ್ತಕ ತೆರೆದರೆ ಕ್ಯಾಸೆಟ್ಟಿನ ಪಿಟೀಲು ಕೇಳಿಸುತ್ತದೆ. ಅಜ್ಜಿಯ ರಾಗ ಹೋಯಿತು. ನೆನಪು ಮಾಡಿಕೊಳ್ಳಲು ಎಷ್ಟು ಹೆಣಗಿದರೂ ಆ ಪಿಟೀಲೇ ಅಡ್ಡ ಬರುತ್ತದೆ.

ತುಂಗಾತೀರ
ಅಯ್ಯೋ. ಇದನ್ನು ಓದಿ ಒಂದು ನಿಮಿಷ ಸುಮ್ಮನೆ ಕೂತೆ.

ಮೈಸೂರು ಪೇಟ
@ಓದುಗ ಹಾಸನ, ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಮನೆಯಲ್ಲಿ ಅತ್ತೆ, ಚಿಕ್ಕಮ್ಮ ಯಾರಿಗಾದರೂ ಆ ರಾಗ ನೆನಪಿರಬಹುದು. ಕೇಳಿ ನೋಡಿ. ಸಿಕ್ಕಿದರೆ ಕೂಡಲೇ ಫೋನಿನಲ್ಲಿ ಹಿಡಿದಿಟ್ಟುಕೊಳ್ಳಿ.

ಮರವಂತೆ
ನಾನು ಈಗ ಪೂರ್ತಿ ಕೇಳುತ್ತಿರುವುದು ಯಕ್ಷಗಾನದ ಭಾಗವತ ಕಾಳಿಂಗ ನಾವಡರ ಒಂದು ಪ್ರಸಂಗ. ನಾಲ್ಕು ಕ್ಯಾಸೆಟ್. ಅಂಗಡಿಯಲ್ಲಿ ಕೊಂಡದ್ದಲ್ಲ. ಮಾವ ಬಯಲಾಟಕ್ಕೆ ಟೇಪ್ ರೆಕಾರ್ಡರ್ ಹೊತ್ತುಕೊಂಡು ಹೋಗಿ ರಂಗಸ್ಥಳದ ಬದಿಯಲ್ಲೇ ಕೂತು ಹಿಡಿದದ್ದು. ಕ್ಯಾಸೆಟ್ ತಿರುಗಿಸುವಾಗ ಅರ್ಧ ಪದ್ಯ ಹೋಗಿದೆ. ಚೆಂಡೆ ಜೋರಾದಾಗ ದನಿ ಒಡೆಯುತ್ತದೆ. ಆದರೂ ನಾವಡರು ಪದ್ಯ ಎತ್ತಿದರೆ ಮೈ ಜುಂ ಅನ್ನುತ್ತದೆ. 1990ರಲ್ಲಿ ಅಪಘಾತದಲ್ಲಿ ಹೋದಾಗ ಅವರಿಗೆ ಬರೀ 32 ವರ್ಷ ಆಗುತ್ತಿತ್ತು. ನಮ್ಮ ಕಡೆ ಇವತ್ತಿಗೂ ಅವರ ಧಾಟಿಯಲ್ಲಿ ಹಾಡಲು ಹೋಗುವ ಹುಡುಗರಿದ್ದಾರೆ.

ಜಯನಗರ 4ನೇ ಬ್ಲಾಕ್
ಕ್ಷಮಿಸಿ, ಇದು ಆಲ್ಬಮ್ ಹೇಗಾಗುತ್ತದೆ? ಆಟದ ರೆಕಾರ್ಡಿಂಗ್ ಅಲ್ವಾ? ಆಲ್ಬಮ್ ಅಂದರೆ ಯಾರೋ ಕೂತು ಯೋಚಿಸಿ, ಇದು ಮೊದಲು, ಇದು ಆಮೇಲೆ ಅಂತ ಜೋಡಿಸಿರಬೇಕು.

ಮರವಂತೆ
ಪ್ರಸಂಗಕ್ಕಿಂತ ಚೆನ್ನಾಗಿ ಜೋಡಿಸಿದ್ದು ಯಾವುದಿದೆ ಹೇಳಿ. ಯಾವ ಪದ್ಯ ಎಲ್ಲಿ, ಯಾವ ರಾಗ ರಾತ್ರಿಯ ಯಾವ ಹೊತ್ತಿಗೆ ಅನ್ನುವುದಕ್ಕೆ ಭಾಗವತರ ತಲೆಯಲ್ಲಿ ಲೆಕ್ಕ ಇರುತ್ತದೆ. ಬೆಳಗಿನ ಜಾವಕ್ಕೆ ಬರಬೇಕಾದ್ದು ಬೆಳಗಿನ ಜಾವಕ್ಕೇ ಬರುತ್ತದೆ. ಸ್ಟುಡಿಯೋದಲ್ಲಿ ಕೂತು ಮಾಡಿದರೆ ಮಾತ್ರ ಜೋಡಣೆ ಅನ್ನುವುದು ಸರಿಯಲ್ಲ.

ರಾಗಪ್ರಿಯ
‘ಆಲ್ಬಮ್’ ಮಾತು ಬಂದದ್ದರಿಂದ ಹೇಳುತ್ತೇನೆ. ಆ ಹೆಸರು ಬಂದದ್ದೇ ಹಳೆಯ 78 ಆರ್‌ಪಿಎಂ ತಟ್ಟೆಗಳಿಂದ. ಒಂದು ಬದಿಗೆ ಮೂರು ಚಿಲ್ಲರೆ ನಿಮಿಷ ಮಾತ್ರ ಹಿಡಿಯುತ್ತಿತ್ತು. ಹಾಗಾಗಿ ನಾಲ್ಕೈದು ತಟ್ಟೆಗಳನ್ನು ಫೋಟೋ ಆಲ್ಬಮ್ಮಿನ ಹಾಗೆ ರಟ್ಟು ಹಾಕಿ ಕಟ್ಟಿ ಮಾರುತ್ತಿದ್ದರು. 1948ರಲ್ಲಿ ಎಲ್‌ಪಿ ಬಂದು ಒಂದು ಬದಿಗೆ ಇಪ್ಪತ್ತು ನಿಮಿಷದ ಮೇಲೆ ಹಿಡಿಯಲು ಶುರುವಾಯಿತು. ಕಟ್ಟು ಹೋಯಿತು, ಹೆಸರು ಉಳಿಯಿತು. ಮರವಂತೆಯವರ ನಾಲ್ಕು ಕ್ಯಾಸೆಟ್ಟಿನ ಕಟ್ಟು ಮೂಲ ಅರ್ಥದಲ್ಲೇ ಆಲ್ಬಮ್.

ಆ ಮೂರು ನಿಮಿಷದ ತಟ್ಟೆಗಳನ್ನೂ ಹಗುರ ಮಾಡಬೇಡಿ. ಗಾಯಕಿ ಗೌಹರ್ ಜಾನ್ 1902ರಲ್ಲಿ ಕಲ್ಕತ್ತೆಯಲ್ಲಿ ಹಾಡಿದ್ದನ್ನು ಈಗಲೂ ಕೇಳಬಹುದು. ಒಂದು ಬೆಳಿಗ್ಗೆ ಪೂರ್ತಿ ಹಾಡುವ ರಾಗವನ್ನು ಮೂರು ನಿಮಿಷಕ್ಕೆ ಇಳಿಸಿ, ಕೊನೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಜೋರಾಗಿ ಹೇಳಿ ಮುಗಿಸುತ್ತಾರೆ. ಅಷ್ಟು ಹೆಸರು ಮಾಡಿದ ಅವರು ಕೊನೆಯ ದಿನಗಳನ್ನು ಕಳೆದದ್ದು ನಮ್ಮ ಮೈಸೂರಿನಲ್ಲಿ. 1928ರಲ್ಲಿ ಆಸ್ಥಾನಕ್ಕೆ ಬಂದರು, 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡರು. ಮೈಸೂರಿನಲ್ಲಿ ಎಷ್ಟು ಜನಕ್ಕೆ ಇದು ಗೊತ್ತು?

ಮೈಸೂರು ಪೇಟ
ಐವತ್ತು ವರ್ಷದಿಂದ ಮೈಸೂರಿನಲ್ಲಿದ್ದೇನೆ. ನನಗೆ ಗೊತ್ತಿರಲಿಲ್ಲ. ಇವತ್ತೇ ಹುಡುಕಿ ಕೇಳುತ್ತೇನೆ.

ರಾಗಪ್ರಿಯ
ಕೇಳಿ. ಇನ್ನು ನಾನು ಪೂರ್ತಿ ಕೇಳುವ ಆಲ್ಬಮ್: ‘ಕಾಲ್ ಆಫ್ ದ ವ್ಯಾಲಿ’. ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ ಚೌರಾಸಿಯಾ ಅವರ ಕೊಳಲು, ಬ್ರಿಜ್‌ಭೂಷಣ್ ಕಾಬ್ರಾ ಅವರ ಗಿಟಾರ್. ಕಾಶ್ಮೀರದ ಕುರಿಗಾಹಿಯೊಬ್ಬನ ಒಂದು ದಿನ ಅದು. ಬೆಳಗಿನ ಅಹಿರ್ ಭೈರವದಿಂದ ಶುರುವಾಗಿ, ರಾತ್ರಿ ಪಹಾಡಿಯಲ್ಲಿ ಮುಗಿಯುತ್ತದೆ. ಇದನ್ನು ಷಫಲ್ ಹಾಕಿ ಕೇಳಿದವರಿಗೆ ಮಧ್ಯಾಹ್ನ ಆದ ಮೇಲೆ ಬೆಳಗಾಗುತ್ತದೆ. ಹೋದ ವಾರ ನಮ್ಮ ಮನೆಗೆ ಬಂದ ನೆಂಟರ ಹುಡುಗ ಹಾಗೇ ಮಾಡಿದ. ನಾನು ಎದ್ದು ಹೋಗಿ ಮೊದಲಿನಿಂದ ಹಾಕಿದೆ.

ನ್ಯೂಜೆರ್ಸಿ ಕನ್ನಡಿಗ
ಇಲ್ಲಿ ಹಿಮ ಬೀಳುತ್ತಿದೆ. ಕಾರಿನಲ್ಲಿ ಹೋಗುವಾಗ ಬರುವಾಗ ಕೇಳುತ್ತಿರುವುದು ‘ಕಿನ್ಸ್‌ಮೆನ್’, 2008ರದ್ದು. ಇಬ್ಬರು ಸ್ಯಾಕ್ಸೋಫೋನ್ ವಾದಕರು. ಒಬ್ಬರು ನಮ್ಮ ಕದ್ರಿ ಗೋಪಾಲನಾಥ್. ಇನ್ನೊಬ್ಬರು ರುದ್ರೇಶ್ ಮಹಾಂತಪ್ಪ, ಅಮೆರಿಕದ ಕೊಲೊರಾಡೊದಲ್ಲಿ ಬೆಳೆದು ಜಾಝ್ ನುಡಿಸುವವರು. ಜೊತೆಗೆ ಎ. ಕನ್ಯಾಕುಮಾರಿ ಅವರ ಪಿಟೀಲು, ಮೃದಂಗ, ಗಿಟಾರ್, ಡ್ರಮ್ಸ್.

ನನ್ನ ಮಗಳು ಇಲ್ಲಿಯ ಶಾಲೆಯ ಬ್ಯಾಂಡಿನಲ್ಲಿ ಸ್ಯಾಕ್ಸ್ ನುಡಿಸುತ್ತಾಳೆ. ಕರ್ನಾಟಕ ಸಂಗೀತ ಅಂದರೆ ಮುಖ ತಿರುಗಿಸುತ್ತಿದ್ದವಳು. ಒಂದು ದಿನ ಕಾರಿನಲ್ಲಿ ಇದನ್ನು ಹಾಕಿದೆ. ಇಬ್ಬರೂ ನುಡಿಸುತ್ತಾ ಹೋದ ಹಾಗೆ, ‘ಅಪ್ಪ, ಇವರು ಸ್ವರವನ್ನು ಹೀಗೆ ಬಗ್ಗಿಸುವುದು ಹೇಗೆ? ನಮಗೆ ಕೀಲಿ ಇದೆ, ಮೆಟ್ಟಿಲಿನ ಹಾಗೆ ಹೋಗುತ್ತದೆ’ ಅಂದಳು. ಗಮಕ ಅನ್ನುವ ಮಾತು ಹೇಳಿಕೊಟ್ಟೆ. ಮನೆ ಬಂದರೂ ಕಾರಿನಿಂದ ಇಳಿಯಲಿಲ್ಲ, ಹಾಡು ಮುಗಿಯುವವರೆಗೆ ಕೂತಳು.

ಮರವಂತೆ
ಕದ್ರಿಯವರು ನಮ್ಮ ಜಿಲ್ಲೆಯವರು, ಸಜಿಪಮೂಡದವರು! ನಾಗಸ್ವರ ನುಡಿಸುವ ಮನೆಯಲ್ಲಿ ಹುಟ್ಟಿ, ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ನೋಡಿ ಅದನ್ನೇ ಹಿಡಿದವರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್‌ಗೂ ನುಡಿಸಿದರು. ನಮ್ಮ ಕಡೆ ಮದುವೆ ಅಂದರೆ ಈಗ ಸ್ಯಾಕ್ಸೋಫೋನ್ ಇಲ್ಲದೆ ಧಾರೆಯೇ ಆಗುವುದಿಲ್ಲ.

ಓದುಗ ಹಾಸನ
ನಿಮ್ಮ ಜಿಲ್ಲೆ ಅಂದರೆ? ಮರವಂತೆ ಉಡುಪಿ ಜಿಲ್ಲೆ, ಸಜಿಪಮೂಡ ದಕ್ಷಿಣ ಕನ್ನಡ.

ಮರವಂತೆ
1997ಕ್ಕೆ ಮೊದಲು ಎಲ್ಲ ಒಂದೇ ಜಿಲ್ಲೆ. ಅವರು ಹುಟ್ಟಿದಾಗಲೂ ನಾನು ಹುಟ್ಟಿದಾಗಲೂ ಒಂದೇ.

ಟೇಪ್ ರಿಪೇರಿ
ಬಂದೆ. @ತುಂಗಾತೀರ, ನಿಧಾನವಾಗಿ ಓದಿ.

ಮೊದಲು ಕ್ಯಾಸೆಟ್ಟನ್ನು ಒಣ ಜಾಗದಲ್ಲಿ ಎರಡು ದಿನ ಇಡಿ. ಬಿಸಿಲಿಗೆ ಬೇಡ. ಆಮೇಲೆ ಕೆಲಸಕ್ಕೆ ಬಾರದ, ಐದು ಸ್ಕ್ರೂ ಇರುವ ಒಂದು ಕ್ಯಾಸೆಟ್ ಹುಡುಕಿ. ಅದರ ಸುರುಳಿ ತೆಗೆದು ಚಿಪ್ಪು ಮಾತ್ರ ಇಟ್ಟುಕೊಳ್ಳಿ. ನಿಮ್ಮ ಕ್ಯಾಸೆಟ್ಟಿಗೂ ಸ್ಕ್ರೂ ಇದ್ದರೆ ಪುಣ್ಯ. ಅಂಟಿಸಿದ ಚಿಪ್ಪಾದರೆ ಅಂಚಿಗೆ ತೆಳು ಚಾಕು ಹಾಕಿ ಬಿಡಿಸಬೇಕು, ಅದಕ್ಕೆ ತಾಳ್ಮೆ ಬೇಕು.

ಎರಡೂ ಸುರುಳಿಯನ್ನು ಒಟ್ಟಿಗೆ ಎತ್ತಿ ಹೊಸ ಚಿಪ್ಪಿಗೆ ಇಳಿಸಿ. ಟೇಪು ಮೂಲೆಯ ಎರಡು ಪುಟ್ಟ ಗಾಲಿಗಳ ಹೊರಗಡೆಯಿಂದ ಹೋಗಬೇಕು, ತಿರುಚಬಾರದು. ನಡುವೆ ಹೆಡ್ ತಾಗುವ ಜಾಗದಲ್ಲಿ ತಾಮ್ರದ ಬಣ್ಣದ ತಗಡಿನ ಮೇಲೆ ಒಂದು ಸಣ್ಣ ಮೆತ್ತೆ ಇರುತ್ತದೆ. ಹಳೆಯ ಕ್ಯಾಸೆಟ್ಟಿನಲ್ಲಿ ಅದು ಉದುರಿ ಹೋಗಿರುತ್ತದೆ, ದನಿ ಮಂಕಾಗುವುದು ಅದರಿಂದಲೇ. ಒಣ ಮೆತ್ತನೆ ಬಟ್ಟೆಯನ್ನು ಟೇಪಿಗೆ ಹಗುರವಾಗಿ ತಾಗಿಸಿ, ಪೆನ್ಸಿಲ್‌ನಲ್ಲಿ ಆ ತುದಿಯಿಂದ ಈ ತುದಿಗೆ ಸುತ್ತಿ. ಬೂಷ್ಟು ಬಟ್ಟೆಗೆ ಬರುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಪುಡಿ ಒಳಗೆ ಹೋಗಬಾರದು.

ಒಮ್ಮೆ ಓಡಿದ ಕೂಡಲೇ ಕಂಪ್ಯೂಟರಿಗೆ ಹಾಕಿ ಪ್ರತಿ ಮಾಡಿಕೊಳ್ಳಿ. ಇಂಥ ಟೇಪು ಇನ್ನೆಷ್ಟು ಸಲ ಓಡುತ್ತದೆ ಅಂತ ಹೇಳಲಿಕ್ಕಾಗುವುದಿಲ್ಲ.

ಸಾಧನಕೇರಿ
ಇದನ್ನ ತೆಗೆದು ಇಟ್ಟುಕೊಂಡೆ. ನಮ್ಮ ಮನ್ಯಾಗ ನಲವತ್ತು ಕ್ಯಾಸೆಟ್ ಅದಾವ.

ಅದರಾಗ ಒಂದು ಗಂಗೂಬಾಯಿ ಹಾನಗಲ್ ಅವರದು. ನಮ್ಮವ್ವ ರೇಡಿಯೋ ಮುಂದ ಟೇಪ್ ರೆಕಾರ್ಡರ್ ಇಟ್ಟು ಹಿಡಿದಿದ್ದು. ಅಡಿಗಿಮನಿ ಪಕ್ಕದಾಗೇ ರೇಡಿಯೋ. ಆಲಾಪ ನಡುವ ಕುಕ್ಕರ್ ಮೂರು ಸಲ ಸೀಟಿ ಹೊಡೀತದ. ಎರಡನೇ ಸೀಟಿ ಆದ ಮ್ಯಾಲೆ ಅವ್ವನ ಕೈಬಳಿ ಸದ್ದು, ಆಮ್ಯಾಲೆ ಅವ್ವ ‘ಶ್’ ಅಂತಾಳ, ಯಾರಿಗಂತ ಗೊತ್ತಿಲ್ಲ. ನನಗಽ ಇರಬಹುದು. ಆಗ ನನಗ ಆರು ವರ್ಷ.

ಅದೇ ರಾಗ ಅವರದ್ದೇ ದನಿಯಾಗ ಸ್ವಚ್ಛ ಸಿ.ಡಿ. ಐತಿ ನನ್ನ ಹತ್ರ. ಕೇಳಿದ್ರ ಆ ಜಾಗ ಬಂದಾಗ ಸೀಟಿ ಬರಲಿಲ್ಲಲ್ಲ ಅಂತ ಅನ್ನಿಸ್ತದ.

ಜಯನಗರ 4ನೇ ಬ್ಲಾಕ್
@ಸಾಧನಕೇರಿ, ಮೊದಲು ಆ ಕ್ಯಾಸೆಟ್ ಪ್ರತಿ ಮಾಡಿ. ಇವತ್ತೇ.

@ಮರವಂತೆ, ನಿಮ್ಮ ಮಾವನ ನಾಲ್ಕು ಕ್ಯಾಸೆಟ್ ಬಗ್ಗೆ ನಾನು ಅಂದದ್ದು ಹಿಂದಕ್ಕೆ ತಗೊಂಡೆ. ರಾತ್ರಿ ನಾವಡರದ್ದು ಒಂದು ಗಂಟೆ ಕೇಳಿದೆ.

ಮರವಂತೆ
ಒಂದೇ ಗಂಟೆಯಾ? ಬೆಳಗಾಗುವವರೆಗೆ ಕೇಳಬೇಕು.

ಎಂಟನೇ ಸೆಮಿಸ್ಟರ್
ಕ್ಯಾಸೆಟ್ ಕಾಲವನ್ನು ಇಷ್ಟು ಹೊಗಳುತ್ತಿದ್ದೀರಿ, ಒಂದು ಮಾತು ನನ್ನ ಕಡೆಯಿಂದಲೂ ಇರಲಿ. ಮನ್ಸೂರ್, ನಾವಡರು, ಗೌಹರ್ ಜಾನ್, ಕದ್ರಿ. ಈ ಪುಟದಲ್ಲಿ ಓದಿದ ನಾಲ್ಕನ್ನೂ ನಾನು ಇದೇ ವಾರ ಹಾಸ್ಟೆಲ್‌ನಲ್ಲಿ ಕೂತು, ಒಂದು ಪೈಸೆ ಕೊಡದೆ, ಫೋನಿನಲ್ಲಿ ಕೇಳಿದೆ. ಕ್ಯಾಸೆಟ್ ಕಾಲದಲ್ಲಿ ನನ್ನಂಥ ಹುಡುಗನಿಗೆ ಇದು ಆಗುತ್ತಿತ್ತಾ? ಷಫಲ್ ಬಟನ್ ಒತ್ತದೆ ಇದ್ದರಾಯಿತು, ಅಷ್ಟೇ.

ರಾಗಪ್ರಿಯ
ಆಗುತ್ತಿರಲಿಲ್ಲ. ನಾನು ಒಂದು ಎಲ್‌ಪಿ ಕೇಳಲು ದಾವಣಗೆರೆಯಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹಿಡಿದು ಬಂದಿದ್ದೇನೆ. ಗೆಳೆಯನ ಮನೆಯಲ್ಲಿ ಎರಡು ಸಲ ಕೇಳಿ, ಅದೇ ರಾತ್ರಿ ವಾಪಸ್ಸು. ಮನ್ಸೂರ್ ಹೇಗನಿಸಿದರು?

ಎಂಟನೇ ಸೆಮಿಸ್ಟರ್
ಮೊದಲ ಹತ್ತು ನಿಮಿಷ ಏನೂ ತಿಳಿಯಲಿಲ್ಲ. ಹದಿನೈದನೇ ನಿಮಿಷಕ್ಕೆ ಲ್ಯಾಪ್‌ಟಾಪ್ ಮುಚ್ಚಿಟ್ಟೆ.

ಸಾಧನಕೇರಿ
ಅಷ್ಟು ಸಾಕು. ಇನ್ನೊಮ್ಮೆ ಕೇಳು ತಮ್ಮಾ. ಆಮ್ಯಾಲೆ ಅವರು ಹಾಡಿದ ವಚನ ‘ಅಕ್ಕ ಕೇಳವ್ವಾ’ ಕೇಳು. ರಜಾದಾಗ ಧಾರವಾಡಕ್ಕ ಬಾ, ಅವರ ಮನಿ ‘ಮೃತ್ಯುಂಜಯ’ ತೋರಿಸ್ತೀನಿ.

ಓದುಗ ಹಾಸನ
ಮೈಸೂರು ಪೇಟದವರು ಹೇಳಿದ ಹಾಗೆ ಅರಸೀಕೆರೆಯ ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಅವಳಿಗೆ ಎಂಬತ್ತೊಂದು. ಮೊದಲು ‘ನನಗೆಲ್ಲಿ ನೆನಪು’ ಅಂದಳು. ಇಟ್ಟ ಹತ್ತು ನಿಮಿಷಕ್ಕೆ ಅವಳೇ ವಾಪಸ್ ಮಾಡಿ ಎರಡು ಸಾಲು ಹೇಳಿದಳು. ಅಜ್ಜಿ ಸಾಲಿನ ಕೊನೆಯನ್ನು ಕೆಳಗೆ ಇಳಿಸುತ್ತಿದ್ದಳು, ಪ್ರಶ್ನೆ ಕೇಳಿ ಸುಮ್ಮನಾದವರ ಹಾಗೆ. ಅದು ಬಂತು. ಭಾನುವಾರ ಹೋಗುತ್ತಿದ್ದೇನೆ.

ಮೈಸೂರು ಪೇಟ
ಹೋಗಿ ಬನ್ನಿ. ಪೂರ್ತಿ ಹಿಡಿದುಕೊಂಡು ಬನ್ನಿ.

ತುಂಗಾತೀರ
ಐದು ದಿನದ ಮೇಲೆ ಬರೆಯುತ್ತಿದ್ದೇನೆ. ಚಿಪ್ಪು ಬದಲಾಯಿಸಿದೆ. ಒಂದು ಸಲ ಟೇಪು ಗಾಲಿಯ ಒಳಗಡೆಯಿಂದ ಹೋಗಿ ಮತ್ತೆ ಬಿಚ್ಚಬೇಕಾಯಿತು. ಸಂಜೆ ಅಪ್ಪ ಜಗಲಿಯಲ್ಲಿ ಅಡಿಕೆ ಸುಲಿಯುತ್ತಾ ಕೂತಿದ್ದರು. ಏನೂ ಹೇಳದೆ ಸೈಡ್ ಬಿ ಹಾಕಿದೆ. ಓಡಿತು.

ಎರಡನೇ ಹಾಡು ಮುಗಿಯಿತು. ‘ಸ್’ ಅನ್ನುವ ಸದ್ದು ಶುರುವಾಯಿತು. ಟೇಪಿನಲ್ಲಿ ಮುಂದಿನದು ಬರುವ ಮೊದಲೇ ಅಪ್ಪ, ತಲೆ ಎತ್ತದೆ, ಮೂರನೇ ಹಾಡಿನ ಮೊದಲ ಸಾಲು ಎತ್ತಿದರು. ಅದೇ ಶ್ರುತಿಯಲ್ಲಿ. ಮೂರು ಸೆಕೆಂಡ್ ಆದ ಮೇಲೆ ಕ್ಯಾಸೆಟ್ ಬಂದು ಅವರ ಜೊತೆ ಸೇರಿಕೊಂಡಿತು. ಈ ಕ್ಯಾಸೆಟ್ ಅವರು ಕೇಳಿ ಇಪ್ಪತ್ತು ವರ್ಷವಾದರೂ ಆಗಿರಬೇಕು.

@ಟೇಪ್ ರಿಪೇರಿ, ನಿಮಗೆ ಹೇಗೆ ಧನ್ಯವಾದ ಹೇಳಬೇಕೋ ತಿಳಿಯುತ್ತಿಲ್ಲ.

ಟೇಪ್ ರಿಪೇರಿ
ತುಂಬ ಸಂತೋಷ ಆಯಿತು. ಪ್ರತಿ ಮಾಡಿಕೊಂಡಿರಾ?

ತುಂಗಾತೀರ
ಮಾಡಿದೆ. ಅಪ್ಪನ ದನಿಯೂ ಅದರಲ್ಲಿ ಬಂದಿದೆ.